ಕೊಟ್ಟಿಗೆ ಕಂಬದ ಬಸ್ಸು

ಆ ಬಸ್ಸು ಉರುಳಿದ್ದು ಉಪ್ಪಿನಿಂದ. ಮುಳುಗಿದ ಊರಿನ ಶಾಪ ತಗುಲಿತು ಎಂದು ಸಾಗರದಲ್ಲಿ ಈಗಲೂ ಹೇಳುವವರಿದ್ದಾರೆ. ಡ್ರೈವರ್ ಕುಡಿದಿದ್ದ ಎಂದು ಆಗ ಹೇಳಿದರು. ಎರಡೂ ಸುಳ್ಳು. ಶಾಪಕ್ಕೆ ಕಬ್ಬಿಣ ತಿನ್ನಲು ಬರುವುದಿಲ್ಲ. ಡ್ರೈವರ್ ಕುಡಿಯುತ್ತಲೇ ಇರಲಿಲ್ಲ. ದನದ ಗಂಜಲದ ಉಪ್ಪು ಮರದೊಳಗೆ ಕೂತು ಬೋಲ್ಟುಗಳನ್ನು ತಿಂದು ಹಾಕಿತ್ತು. ನಡೆದದ್ದು ಅಷ್ಟೇ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನನ್ನ ಗಂಡನ ಕೆಲಸವೂ ಹೋಯಿತು, ನನ್ನದೂ ಹೋಯಿತು.

ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ಇದರ ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಸಾಗರದಲ್ಲಿ ಆಗ ಬಸ್ಸಿಗೆ ಮೈ ಕಟ್ಟುವ ಒಂದು ಶೆಡ್ಡು ಇತ್ತು. ಕಂಪನಿಯವರು ಕಳಿಸುತ್ತಿದ್ದದ್ದು ಚಾಸಿ ಮಾತ್ರ. ಚಾಸಿ ಎಂದರೆ ಎಂಜಿನ್ನು, ಚಕ್ರ, ಉದ್ದದ ಎರಡು ಕಬ್ಬಿಣದ ತೊಲೆ. ಅದನ್ನು ತರುವ ಡ್ರೈವರ್ ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಊರೂರಿನ ಧೂಳು ತಿಂದು ಬರುತ್ತಿದ್ದ. ಬಂದು ಇಳಿದರೆ ಕನ್ನಡಕದ ಜಾಗ ಬಿಟ್ಟು ಮಿಕ್ಕ ಮುಖವೆಲ್ಲ ಕೆಂಪು. ಆ ಬತ್ತಲೆ ಚಾಸಿಯ ಮೇಲೆ ಬಸ್ಸು ಮಾಡುವುದು ಶೆಡ್ಡಿನ ಕೆಲಸ. ಮೊದಲು ಚಾಸಿಯ ಮೇಲೆ ಅಡ್ಡಡ್ಡಕ್ಕೆ ದಪ್ಪ ಮರದ ಪಟ್ಟಿಗಳನ್ನು ಇಟ್ಟು ಬೋಲ್ಟು ಹಾಕಬೇಕು. ಅದರ ಮೇಲೆ ನೆಲದ ಹಲಗೆ, ಪಕ್ಕದ ಗೂಟಗಳು, ಮಾಡಿನ ಪಕ್ಕೆಲುಬು, ಆಮೇಲೆ ತಗಡು, ಸೀಟು, ಬಣ್ಣ. ಬಣ್ಣ ಎಲ್ಲರಿಗೂ ಕಾಣುತ್ತದೆ. ಅಡ್ಡಪಟ್ಟಿ ಯಾರಿಗೂ ಕಾಣುವುದಿಲ್ಲ. ಕೂತವರ ಜೀವ ಇರುವುದು ಅದರ ಮೇಲೆ.

ನನ್ನ ಗಂಡ ಅಲ್ಲಿ ಬಡಗಿಗಳ ಮೇಸ್ತ್ರಿ. ಚಕ್ರದ ಗರಗಸ ಅವರ ಬಲಗೈಯ ಮೂರು ಬೆರಳು ತೆಗೆದುಕೊಂಡ ಮೇಲೆ ಬಾಚಿ ಹಿಡಿಯಲು ಆಗಲಿಲ್ಲ. ಮೇಸ್ತ್ರಿಕೆ ಉಳಿಯಿತು, ಹೊರಗೆ ಹೋಗಿ ಮರ ಆರಿಸಿ ತರುವ ಕೆಲಸ ತಪ್ಪಿತು. ನನ್ನಪ್ಪ ಮರ ಕೊಯ್ಯುವವನು. ಚಿಕ್ಕಂದಿನಿಂದ ನಾನು ಅವನ ಗರಗಸದ ಕೆಳಗಿನ ತುದಿ ಎಳೆದವಳು. ಶೆಡ್ಡಿನ ಯಜಮಾನರಿಗೆ ಅದು ಗೊತ್ತಿತ್ತು. "ನಿನ್ನ ಹೆಂಡ್ತಿ ನೋಡಿ ತರ್ಲಿ ಮಾರಾಯ. ಮರ ಹೆಂಗಸು ನೋಡಿದ್ರೆ ಹಸಿ ಆಗ್ತದಾ?" ಎಂದರು. ಹಾಗೆ ನಾನು ಖರೀದಿಗೆ ಇಳಿದೆ. ಶೆಡ್ಡಿನ ಗಂಡಸರು, "ದಾರಿ ಬಿಡ್ರಪ್ಪ, ಪರ್ಚೇಸ್ ಆಫೀಸರ್ ಬಂದ್ರು, ಕಡಗೋಲು ಕೈಯಲ್ಲೇ ಐತೆ" ಎಂದು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ.

ತೀರ್ಥಹಳ್ಳಿಯ ಒಬ್ಬ ಬಸ್ ಮಾಲೀಕರ ಎರಡು ಚಾಸಿಗಳಿಗೆ ನಮ್ಮ ಶೆಡ್ಡಿನವರು ಮಾತು ಕೊಟ್ಟಿದ್ದರು. ಒಂದು ಈ ಬೇಸಿಗೆಗೆ, ಇನ್ನೊಂದು ಮುಂದಿನ ಬೇಸಿಗೆಗೆ. ಆದರೆ ಒಣಗಿದ ಮರ ಸಿಗಲಿಲ್ಲ. ಶರಾವತಿಗೆ ಕಟ್ಟೆ ಕಟ್ಟುತ್ತಿದ್ದ ಕಾಲ ಅದು. ಮುಳುಗುವ ಕಾಡನ್ನೆಲ್ಲ ಕಡಿದು ಹಾಕಿದ್ದರು, ಎಲ್ಲಿ ನೋಡಿದರೂ ಮರದ ರಾಶಿ, ಎಲ್ಲ ಹಸಿ. ಹಸಿ ಮರದಲ್ಲಿ ಮೈ ಕಟ್ಟಿದರೆ ಒಣಗುತ್ತಾ ಕುಗ್ಗುತ್ತದೆ, ಬೋಲ್ಟು ಸಡಿಲಾಗುತ್ತದೆ. ಒಣಗಲು ವರ್ಷ ಬೇಕು. ನಮಗೆ ವರ್ಷ ಇರಲಿಲ್ಲ.

ಒಣಗಿದ ಮರ ಇದ್ದದ್ದು ಮುಳುಗುವ ಊರುಗಳ ಮನೆಗಳಲ್ಲಿ. ಹೊಸನಗರದ ಆಚೆ ಊರಿಗೆ ಊರೇ ಮನೆ ಬಿಚ್ಚುತ್ತಿತ್ತು. ಹೆಂಚು ಒಂದು ಕಡೆ, ಬಾಗಿಲು ಒಂದು ಕಡೆ. ಜನ ಮಾತಾಡುತ್ತಿರಲಿಲ್ಲ, ಸುತ್ತಿಗೆಯೇ ಮಾತಾಡುತ್ತಿತ್ತು. ಅಂಥ ಹಲವು ಮನೆ ತಿರುಗಿ ಕೊನೆಗೆ ಒಂದು ಮನೆಯ ಜಗಲಿಯಲ್ಲಿ ನಿಂತೆ. ಹೊನ್ನೆಯ ಕಂಬಗಳು. ಒಂದೇ ಮರದವು ಎಂದು ಬಣ್ಣದಲ್ಲೇ ಗೊತ್ತಾಗುತ್ತಿತ್ತು. ಬಾಚಿಯ ಹಿಂಬದಿಯಿಂದ ಬಡಿದೆ, ಟಣ್ ಎಂದಿತು. ಒಂದು ಚಕ್ಕೆ ಎಬ್ಬಿಸಿ ಮೂಸಿದೆ. ದಬ್ಬಳ ಚುಚ್ಚಿದೆ, ಇಳಿಯಲಿಲ್ಲ. ಪೂರ್ತಿ ಕೆಚ್ಚು, ಬಿಳಿ ಭಾಗವೇ ಇಲ್ಲ.

ಆ ಮನೆಯ ಮುದುಕಿ ನನ್ನ ಹಿಂದೆಯೇ ತಿರುಗುತ್ತಿದ್ದಳು. "ಎಂತ, ಹಲಸಿನಹಣ್ಣು ನೋಡಿದಂಗೆ ಬಡಿತೀಯಲ್ಲ?"

"ಹಣ್ಣಾಗಿದೆಯಾ ನೋಡ್ತಿದೀನಿ."

"ನನ್ನ ಮಾವ ಕಡಿಸಿದ್ದು. ನೀನು ಹುಟ್ಟೂಕೆ ಮುಂಚೇನೇ ಹಣ್ಣಾಗೈತೆ. ಎಂತಕ್ಕೆ ಬೇಕು?"

"ಬಸ್ಸಿಗೆ."

"ಬಸ್ಸಲ್ಲಿ ಕಂಬ ಎಲ್ಲಿ ನಿಲ್ತದೆ?"

"ನಿಲ್ಲೂದಿಲ್ಲ. ಅಡ್ಡ ಮಲಗ್ತದೆ. ಅದರ ಮೇಲೆ ಹಲಗೆ, ಹಲಗೆ ಮೇಲೆ ಜನ."

ಮುದುಕಿ ಕಂಬದ ಮೇಲೆ ಕೈಯಿಟ್ಟಳು. "ದೀಪ ಇಡೋ ಕಂಬದ ಮೇಲೆ ಜನ ಕಾಲಿಡೂದಾ? ಚಪ್ಪಲಿ ಹಾಕ್ಕೊಂಡಾ?"

ಅವಳ ಮಗ ಹೆಂಚು ಇಳಿಸುತ್ತಿದ್ದವನು ಮೇಲಿಂದಲೇ ಹೇಳಿದ: "ಅವ್ವಾ, ಇಲ್ಲೇ ಬಿಟ್ರೆ ಮೀನು ಕೂರ್ತವೆ. ಜನ ಕೂರ್ಲಿ ಬಿಡು." ನನಗೆ ಕಂಬ ಕೊಡುತ್ತೇನೆ ಎಂದು ಮಾತು ಕೊಟ್ಟ. ಕೊಟ್ಟಿಗೆಯ ಕಂಬಗಳನ್ನೂ ಒಯ್ಯಿ ಎಂದ. ಅವೂ ಅದೇ ಹೊನ್ನೆ, ಅದೇ ಬಡಗಿ ಕೆತ್ತಿದ್ದು, ಅದೇ ದಪ್ಪ. ನಾನು ಬೇಡ ಎಂದೆ. ಕೊಟ್ಟಿಗೆ ಕಂಬದ ಬುಡ ಗೊಬ್ಬರದಲ್ಲಿ ನೆಂದು ಕೊಳೆತಿರುತ್ತದೆ ಎನ್ನುವುದು ನನ್ನ ಲೆಕ್ಕ. ಉಪ್ಪಿನ ವಿಷಯ ಆಗ ನನಗೂ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ.

ಬರೆದುಕೊಳ್ಳುವ ಅಭ್ಯಾಸ ನನಗಿಲ್ಲ. ಪ್ರತಿ ಕಂಬದ ಸುತ್ತಳತೆಗೆ ದಾರದಲ್ಲಿ ಗಂಟು ಹಾಕಿಕೊಂಡೆ. ಕಂಬದ ತಲೆಯಲ್ಲಿ ಕೆಮ್ಮಣ್ಣಿನಿಂದ, ಒಂದಕ್ಕೊಂದು ತಾಗದ ಹಾಗೆ, ಎರಡು ಗೀಟು ಎಳೆದೆ. ಮನೆ ಬಿಚ್ಚಿ ಮುಗಿದ ಮೇಲೆ ಲಾರಿ ಬಂದು ಒಯ್ಯುತ್ತದೆ ಎಂದು ಹೇಳಿ ಮುಂದಿನ ಊರಿಗೆ ಹೋದೆ.

ಲಾರಿ ಶೆಡ್ಡಿಗೆ ಬಂದಾಗ ನೋಡಿದೆ. ನನ್ನ ಗೀಟು ಇತ್ತು. ದಾರ ಸುತ್ತಿದೆ, ಗಂಟಿಗೆ ಗಂಟು ಕೂಡಿತು. ಚಕ್ಕೆ ಎಬ್ಬಿಸಿದ ಗುರುತನ್ನೂ ದೀಪದ ಗೂಡನ್ನೂ ಹುಡುಕಬೇಕೆಂದು ಆಗ ತೋಚಲಿಲ್ಲ. ಕಂಬಗಳು ಒದ್ದೆಯಿದ್ದವು. ಸುಣ್ಣದ ಕಲೆ ಹೋಗಲೆಂದು ಹೊಳೆಯಲ್ಲಿ ಹಾಕಿ ತೊಳೆದಿದ್ದೇವೆ ಎಂದು ಆ ಮಗ ಲಾರಿಯವನ ಹತ್ತಿರ ಹೇಳಿ ಕಳಿಸಿದ್ದ. ಬುಡದ ಗೇಣುದ್ದ ಕತ್ತರಿಸಿದ್ದರು. ಮಣ್ಣಲ್ಲಿ ಹೂತ ಭಾಗ ಕತ್ತರಿಸುವುದು ವಾಡಿಕೆಯೇ. ನೆರಳಲ್ಲಿ ಒಣಗಿಸಿ, ಸೀಳಿ, ಕೀಸುಳಿ ಹಾಕಿದರು. ಒಳಗೆ ಜೇನಿನ ಬಣ್ಣ. ನನ್ನ ಗಂಡ ಎರಡು ಬೆರಳಲ್ಲಿ ಸವರಿ, "ಇಂಥದ್ದು ನನ್ನ ಕೈ ಸರಿ ಇದ್ದಾಗ ಬರ್ಲಿಲ್ಲ ನೋಡು" ಎಂದರು.

ಅರ್ಧ ಮರದಲ್ಲಿ ಮೊದಲ ಬಸ್ಸು ಆಯಿತು. ಮುಂದಿನ ಬೇಸಿಗೆಯಲ್ಲಿ ಉಳಿದರ್ಧದಲ್ಲಿ ಎರಡನೆಯದು. ಎರಡೂ ತೀರ್ಥಹಳ್ಳಿ ಆಗುಂಬೆ ದಾರಿಯಲ್ಲಿ ಓಡಿದವು. ಆ ಹೊತ್ತಿಗೆ ಕಂಬಗಳು ಬಂದ ಊರು ನೀರಿನಡಿ ಹೋಗಿತ್ತು.

ಮೊದಲ ಬಸ್ಸು ಎರಡು ಮಳೆಗಾಲ ಕಳೆಯಿತು. ಎರಡನೇ ಮಳೆಗಾಲ ಮುಗಿದ ಮೇಲೆ ಒಂದು ದಿನ ಆಗುಂಬೆಗೆ ಸ್ವಲ್ಪ ಮೊದಲು ಒಂದು ತಿರುವಿನಲ್ಲಿ ಚಾಸಿ ತಿರುಗಿತು, ಮೈ ತಿರುಗಲಿಲ್ಲ. ನೋಡಿದವರು ಹಾಗೆಯೇ ಹೇಳಿದರು. ಚಕ್ರಗಳು ರಸ್ತೆಯ ಮೇಲೇ ಇದ್ದವು. ಜನ ಕೂತಿದ್ದ ಮೈ ಜಾರಿ, ಪಕ್ಕಕ್ಕೆ ಮಗುಚಿ, ಹಳ್ಳದ ಮರಗಳಿಗೆ ಆತುಕೊಂಡಿತು. ಡ್ರೈವರ್ ಸತ್ತ. ಕಿಟಕಿಯ ಪಕ್ಕ ಕೂತಿದ್ದ ಒಬ್ಬ ಹೆಂಗಸು ಸತ್ತಳು. ಕೈಕಾಲು ಮುರಿದವರು ಬೇಕಾದಷ್ಟು ಜನ. ಸತ್ತವನ ಮೇಲೆ ಹೊರಿಸುವುದು ಸುಲಭ. ಸಂಜೆಯೊಳಗೆ ಡ್ರೈವರ್ ಕುಡಿದಿದ್ದ ಎನ್ನುವ ಮಾತು ಸಾಗರಕ್ಕೂ ಬಂತು.

ಮುರಿದ ಮೈಯನ್ನು ಲಾರಿಯಲ್ಲಿ ನಮ್ಮ ಶೆಡ್ಡಿಗೇ ತಂದರು. ಯಜಮಾನರು ಅದನ್ನು ಹಿಂದುಗಡೆ ಹಾಕಿಸಿ ತಾಡಪಾಲು ಹೊದಿಸಿದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನೂ ನನ್ನ ಗಂಡನೂ ತಾಡಪಾಲು ಎತ್ತಿ ನೋಡಿದೆವು. ಅಡ್ಡಪಟ್ಟಿ ಒಂದೂ ಮುರಿದಿರಲಿಲ್ಲ. ಮರ ಕಲ್ಲಿನ ಹಾಗೆ ಇತ್ತು. ತುಂಡಾಗಿದ್ದು ಬೋಲ್ಟುಗಳು. ಒಂದನ್ನು ಕಿತ್ತೆ. ಮೇಲೆ ತಲೆ ದಪ್ಪ, ಕೆಳಗೆ ಬಣ್ಣ ಬಳಿದ ನಟ್ಟು ಭದ್ರ, ಮರದೊಳಗಿದ್ದ ನಡು ಮಾತ್ರ ತೆಳ್ಳಗೆ, ಬಳೆ ಚೂರಿನಷ್ಟು. ತೂತಿನೊಳಗೆ ಬಿಳಿ ಪುಡಿ. ಬೆರಳಲ್ಲಿ ತೆಗೆದು ನಾಲಿಗೆಗೆ ಹಚ್ಚಿದೆ.

"ಸುಣ್ಣ ಇರ್ಬೋದು," ಎಂದರು ನನ್ನ ಗಂಡ.

"ಸುಣ್ಣ ಆದ್ರೆ ನಾಲಿಗೆ ಸುಡ್ತದೆ. ಇದು ಉಪ್ಪು."

ಅಡ್ಡಪಟ್ಟಿಯ ಒಂದು ತುಂಡನ್ನು ಮನೆಗೆ ತಂದು ಅದರ ಮೇಲೆ ಬಿಸಿನೀರು ಹೊಯ್ದೆ. ಆವಿ ಎದ್ದಿತು. ಕೊಟ್ಟಿಗೆಯ ವಾಸನೆ. ಅಡಿಗೆಮನೆಯಲ್ಲಿ ದನ ಕಟ್ಟಿದ ಹಾಗೆ ವಾಸನೆ. ತುಂಡಿನ ತುದಿಯಲ್ಲಿ ಕೆಮ್ಮಣ್ಣಿನ ಗೀಟು ಇನ್ನೂ ಮಾಸಲಾಗಿ ಇತ್ತು. ಆದರೆ ಎರಡು ಗೀಟೂ ತುದಿಯಲ್ಲಿ ಒಂದಕ್ಕೊಂದು ಕೂಡುತ್ತಿದ್ದವು. ನಾನು ಗೀಟು ಕೂಡಿಸುವವಳಲ್ಲ. ಇದು ಬೇರೆ ಯಾರೋ ಎಳೆದದ್ದು, ಕಂಬ ಬದಲಾಗಿತ್ತು.

ಸಂಜೆ ಯಜಮಾನರ ಹತ್ತಿರ ಹೋದೆ. ಅವರು ನನ್ನ ಮಾತು ಮುಗಿಯಲು ಬಿಡಲಿಲ್ಲ.

"ನಂಗೆ ಬೆಳಿಗ್ಗೆನೇ ಗೊತ್ತಾತು. ತಾಡಪಾಲು ಎಂತಕ್ಕೆ ಹೊದಿಸಿದ್ದು ಅಂದ್ಕೊಂಡೆ? ಚಳಿ ಆಗ್ತದೆ ಅಂತಾ?"

"ಇನ್ನೊಂದು ಬಸ್ಸು?"

"ಅದಕ್ಕೆ ಒಂದೇ ಮಳೆಗಾಲ ಆಗಿದ್ದು. ಬೇಸಿಗೇಲಿ ಬಣ್ಣಕ್ಕೆ ಬರ್ತದೆ. ಆಗ ಸದ್ದಿಲ್ದೆ ಪಟ್ಟಿ ಬದಲಾಯಿಸಾಣ."

"ಬೇಸಿಗೆ ತನಕ ಅದರಲ್ಲಿ ಕೂತೋರು?"

"ನೋಡು," ಎಂದರು, ದನಿ ಏರಿಸಲಿಲ್ಲ. "ಈ ಮಾತು ಹೊರಗೆ ಹೋದ್ರೆ ನಮ್ಮ ಶೆಡ್ಡಿಗೆ ಇನ್ನೊಂದು ಚಾಸಿ ಬರೂದಿಲ್ಲ. ಇಲ್ಲಿ ಎಷ್ಟು ಮನೆ ಒಲೆ ಉರೀತವೆ, ನಿಂಗೆ ಗೊತ್ತಿಲ್ವಾ? ನಿಮ್ಮದೂ ಸೇರಿ. ಎಲ್ಲಾ ಪಟ್ಟೀನೂ ಹಿಂಗೇ ಇದಾವೆ ಅಂತ ನಿಂಗೆ ಯಾರು ಹೇಳಿದ್ದು? ಒಂದೆರಡು ಕಂಬ ಬೆರಕೆ ಆಗಿರ್ಬೋದು."

ಅವರು ಕೆಟ್ಟವರಲ್ಲ. ಬೆರಳು ಹೋದ ಮೇಸ್ತ್ರಿಯನ್ನು ಇಟ್ಟುಕೊಂಡವರು. ಅವರು ಕೇಳಿದ್ದೂ ಸರಿಯೇ ಇತ್ತು. ಬದಲಾಗಿದ್ದು ಒಂದೆರಡು ಕಂಬವೋ ಎಲ್ಲವೋ ತಿಳಿಯದೆ ನಾನು ಮಾತಾಡುವ ಹಾಗಿರಲಿಲ್ಲ. ಒಂದೆರಡೇ ಆಗಿದ್ದರೆ ಅವು ಮೊದಲ ಬಸ್ಸಿನಲ್ಲೇ ಮುಗಿದಿದ್ದವು, ಎರಡನೆಯದಕ್ಕೆ ಏನೂ ಆಗುವುದಿಲ್ಲ. ಹೋಗಿ ನೋಡೋಣವೆಂದರೆ ಕೊಟ್ಟಿಗೆಯ ಜಾಗದ ಮೇಲೆ ನೀರು ನಿಂತಿತ್ತು. ಇನ್ನು ಕೇಳಬಹುದಾಗಿದ್ದು ಆ ಮುದುಕಿಯ ಮನೆಯವರನ್ನು. ಅವರಿಗೆ ಹೊಸನಗರದ ಹತ್ತಿರ ಒಂದು ಗುಡ್ಡದಲ್ಲಿ ಜಾಗ ಕೊಟ್ಟಿದ್ದರು. ಕೇಳಿಕೊಂಡು ಹೋದೆ.

ಮನೆ ಕಾಣುವ ಮೊದಲೇ ನನಗೆ ಉತ್ತರ ಸಿಕ್ಕಿತು. ತಗಡಿನ ಮಾಡು, ತಟ್ಟಿಯ ಗೋಡೆ. ಜಗಲಿಗೆ ಮಾತ್ರ ದಪ್ಪದ ಹೊನ್ನೆ ಕಂಬಗಳು, ಆನೆಯ ಕಾಲಿಗೆ ಕೊಡೆ ಕಟ್ಟಿದ ಹಾಗೆ. ನನ್ನ ಬಾಚಿ ಎಬ್ಬಿಸಿದ ಚಕ್ಕೆಯ ಗುರುತು ಅಲ್ಲೇ ಇತ್ತು.

ಮುದುಕಿ ಬೆಲ್ಲ, ನೀರು ಕೊಟ್ಟಳು. ಮುಚ್ಚಿಡಲಿಲ್ಲ. ಮುಚ್ಚಿಡುವುದು ಏನಾದರೂ ಇದೆ ಎಂದು ಅವಳಿಗೆ ಅನಿಸಿಯೇ ಇರಲಿಲ್ಲ.

"ಮಗ ನಿಂಗೆ ಮಾತು ಕೊಟ್ಟಿದ್ದ. ಅವನ ಮಾತೂ ಉಳೀಬೇಕು, ಮನೆ ಕಂಬವೂ ಉಳೀಬೇಕು. ಅದಕ್ಕೆ ಕೊಟ್ಟಿಗೆದು ತೊಳೆಸಿ, ನೀನು ಎಳೆದಂಗೇ ಗೀಟು ಎಳೆಸಿ ಕೊಟ್ವಿ. ಎರಡೂ ಒಂದೇ ಮರದ್ದು ಮಾರಾಯ್ತಿ. ಒಂದೇ ದಿನ ಕಡಿದಿದ್ದು. ಕೊಟ್ಟಿಗೆದು ಇನ್ನೂ ಗಟ್ಟಿ. ನಿಂಗೆಂತ ನಷ್ಟ ಆತು?"

"ಎಲ್ಲಾ ಕಂಬಾನೂ ಬದಲಾಯಿಸಿದ್ರಾ?"

"ಎಲ್ಲಾನೂ. ಒಂದೂ ಬಿಡ್ಲಿಲ್ಲ. ದೀಪ ಇಟ್ಟ ಕಂಬ ಮಾರಿ ಹೋದ್ರೆ ಹೋದಲ್ಲಿ ಮನೆ ನಿಲ್ತದಾ?" ಕಂಬಕ್ಕೆ ಒರಗಿ ಕೂತಳು. "ಬಸ್ಸು ಚಲೋ ಓಡ್ತಾ ಐತಾ?"

ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. "ಉರುಳಿತು. ಗಂಜಲದ ಉಪ್ಪು ಬೋಲ್ಟು ತಿಂದಿತ್ತು. ಡ್ರೈವರ್ ಸತ್ತ, ಒಬ್ಬಳು ಹೆಂಗಸು ಸತ್ತಳು."

ಒರಗಿದ್ದವಳು ಮುಂದಕ್ಕೆ ಸರಿದು ಕೂತಳು. 

"ಯಾರ ಮನೆಯೋಳು?"

"ಗೊತ್ತಿಲ್ಲ."

"ತಿಳ್ಕೊಳ್ದೆ ಬಂದ್ಯಾ?" ಎಂದಳು. ಆಮೇಲೆ, "ಈ ಕಂಬ ಒಯ್ಯಿ."

"ಈಗ ಒಯ್ದು ಎಂತ ಮಾಡ್ಲಿ? ನಿಮ್ಮ ಮಾಡು ಬೀಳ್ತದೆ."

"ಬೀಳ್ಲಿ."

ನಾನು ಒಯ್ಯಲಿಲ್ಲ. ದೀಪದ ಹೊತ್ತಾಗಿತ್ತು. ಅವಳು ಒಳಗೆ ಹೋಗಿ ದೀಪ ಹಚ್ಚಿಕೊಂಡು ಬಂದಳು. ಕಂಬದಲ್ಲಿ ದೀಪಕ್ಕೆಂದೇ ಕೊರೆದ ಗೂಡು ಇತ್ತು. ಅಲ್ಲಿ ಇಡಲಿಲ್ಲ. ಬರೀ ನೆಲದ ಮೇಲೆ ಇಟ್ಟು ಒಳಗೆ ಹೋದಳು, ಮತ್ತೆ ಹೊರಗೆ ಬರಲಿಲ್ಲ. ಮಗ ನನ್ನನ್ನು ದಾರಿಯವರೆಗೆ ಬಿಟ್ಟ. 

ಸಾಗರಕ್ಕೆ ಬಂದು ಗಂಡನಿಗೆ ಹೇಳಿದೆ: ಎಲ್ಲವೂ ಕೊಟ್ಟಿಗೆಯವು, ತೀರ್ಥಹಳ್ಳಿಗೆ ಹೋಗಿ ಬಸ್ ಮಾಲೀಕರಿಗೆ ಹೇಳುತ್ತೇನೆ.

"ಬಾಯಿ ಮುಚ್ಚು," ಎಂದರು. "ಈ ಕೈ ಇಟ್ಕೊಂಡು ನಂಗೆ ಬೇರೆ ಎಲ್ಲಿ ಕೆಲಸ ಸಿಗ್ತದೆ?"

ಸಿಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದೇ ಚೀಲಕ್ಕೆ ಸೀರೆ ತುಂಬಿದೆ, ಸವೆದ ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆ. ಮರ ತಂದವಳು ನಾನು. ಆ ಬಸ್ಸು ದಿನಾ ಜನ ತುಂಬಿಕೊಂಡು ಅದೇ ತಿರುವು ತಿರುಗುತ್ತಿತ್ತು. ಇದರಲ್ಲಿ ಯೋಚನೆ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ.

ಹೊರಡುವಾಗ ನನ್ನ ಗಂಡ ಒಳಗಿಂದ ಒಂದು ಸ್ಪ್ಯಾನರ್ ತಂದು ಚೀಲಕ್ಕೆ ಹಾಕಿದರು. ಮುಖ ನೋಡಲಿಲ್ಲ. "ಅಡಿಯಿಂದ ಹಾಕು. ಎಡಕ್ಕೆ ತಿರುಗಿಸು. ಜೋರು ಹಾಕ್ಬ್ಯಾಡ. ಬೋಲ್ಟು ಸರಿ ಇದ್ರೆ ನಟ್ಟು ಬಿಚ್ತದೆ. ಇಲ್ದಿದ್ರೆ ಮುರೀತದೆ." ಅವರು ಆ ವಿಷಯವಾಗಿ ಆಡಿದ ಕೊನೆಯ ಮಾತು ಅದು.

ತೀರ್ಥಹಳ್ಳಿ ತಲುಪಿದಾಗ ಸಂಜೆ. ಬಸ್ ಮಾಲೀಕರು ತಮ್ಮ ಆಫೀಸಿನ ಬಾಗಿಲಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಗಂಟು ಬಿಚ್ಚಿ ಬೋಲ್ಟನ್ನು ಅವರ ಮುಂದಿಟ್ಟೆ. ಎಲ್ಲ ಹೇಳಿದೆ, ಕೊಟ್ಟಿಗೆ, ಉಪ್ಪು, ಮುದುಕಿ, ಗೀಟು. ಅವರು ಬೋಲ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು.

"ನಿಮ್ಮ ಯಜಮಾನರು ಹಿಂಗಂತ ಹೇಳ್ಲಿಲ್ಲ."

"ಹೇಳೂದಿಲ್ಲ."

"ಡ್ರೈವರ್ ಕುಡಿದಿದ್ದ ಅಂತ ಪೊಲೀಸರೇ ಬರ್ಕೊಂಡಿದಾರೆ."

"ನಿಮ್ಮ ಡ್ರೈವರ್. ಕುಡೀತಿದ್ನಾ? ನಿಮಗೇ ಗೊತ್ತಲ್ಲ."

ಅವರು ಎದ್ದು ಹೋಗಿ ಎಲೆ ಅಡಿಕೆ ಉಗಿದು ಬಂದರು. ಕೂತು ಹೇಳಿದರು: "ಇದು ಹೋದ ಬಸ್ಸಿನ ಬೋಲ್ಟು. ಈ ಬಸ್ಸು ಇವತ್ತು ತಾನೆ ಹೋಗಿ ಬಂದೈತೆ, ಒಂದು ಕಿರುಕ್ ಅಂದಿಲ್ಲ. ಇರೋದೊಂದು ಬಸ್ಸು. ಅದನ್ನೂ ನಿಲ್ಲಿಸಿ ನಾನು ಎಂತ ನಿಮ್ಮ ಮುದುಕಿ ಕಥೆ ಓಡಿಸ್ಲಾ?" ಬೋಲ್ಟನ್ನು ನನ್ನ ಕಡೆ ಸರಿಸಿದರು. "ಊಟ ಮಾಡ್ಕೊಂಡು ಹೋಗು. ಒಳಗೆ ಹೇಳ್ತೀನಿ."

ಊಟ ಮಾಡಿದೆ. ಹಸಿವಾಗಿತ್ತು. ಅವರ ಅಡಿಗೆಯವಳು ಹಿತ್ತಲ ಜಗಲಿಯಲ್ಲಿ ಚಾಪೆ ಕೊಟ್ಟಳು, ಮಲಗಿದೆ.

ಮರುದಿನ ಬೆಳಿಗ್ಗೆ ಎದ್ದು ಸ್ಟ್ಯಾಂಡಿಗೆ ಹೋದೆ. ಆಗುಂಬೆಯ ಬಸ್ಸು ತುಂಬಿತ್ತು. ಮೇಲೆ ಮೂಟೆ, ಒಳಗೆ ಜನ, ನಿಂತವರೂ ಇದ್ದರು. ಬಣ್ಣ ಇನ್ನೂ ಹೊಸದರ ಹಾಗೆ ಹೊಳೆಯುತ್ತಿತ್ತು. ಎಂಜಿನ್ನು ಹಚ್ಚಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲದ ಮೇಲೆ ಅಂಗಾತ ಮಲಗಿ ಬಸ್ಸಿನಡಿ ಸರಿದೆ.

"ಎಂತಮ್ಮಾ ಅದು, ಬಸ್ಸಿನಡಿ? ಕೋಳಿ ತಪ್ಪಿಸ್ಕೊಂಡಿತಾ?" ಎಂದು ಕಂಡಕ್ಟರ್ ಬಗ್ಗಿ ಕೇಳಿದ.

 ಹಿಂದಿನ ಚಕ್ರದ ಹತ್ತಿರದ ನಟ್ಟಿಗೆ ಸ್ಪ್ಯಾನರ್ ಕೂರಿಸಿ ಎಡಕ್ಕೆ ತಿರುಗಿಸಿದೆ. ಜೋರು ಹಾಕಲಿಲ್ಲ. ಅರ್ಧ ಸುತ್ತು ತಿರುಗುವಷ್ಟರಲ್ಲಿ ಕಟ್ ಎಂದು ಮುರಿದು, ನಟ್ಟೂ ಬೋಲ್ಟಿನ ತುದಿಯೂ ನನ್ನ ಎದೆಯ ಮೇಲೆ ಬಿದ್ದವು. ಪಕ್ಕದ್ದಕ್ಕೆ ಹಾಕಿದೆ. ಅದೂ ಮುರಿಯಿತು. ಮೂರನೆಯದು ಬಿಚ್ಚಿತು. ನಾಲ್ಕನೆಯದು ಮುರಿಯಿತು.

ಹೊರಗೆ ಬಂದು ಮುರಿದ ಮೂರನ್ನೂ ಕಂಡಕ್ಟರನ ಕೈಯಲ್ಲಿ ಹಾಕಿದೆ. ಅವನು ಚಿಕ್ಕ ವಯಸ್ಸಿನವನಲ್ಲ, ಉರುಳಿದ ಬಸ್ಸಿನ ಡ್ರೈವರನ ಜೊತೆ ವರ್ಷಗಟ್ಟಲೆ ಓಡಾಡಿದವನು. ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಬಾಗಿಲ ಹತ್ತಿರ ಹೋಗಿ, ಹೋಗುವ ಊರುಗಳ ಹೆಸರು ಕೂಗುವ ದನಿಯಲ್ಲೇ, "ಇಳೀರಿ, ಎಲ್ಲಾ ಇಳೀರಿ. ಈ ಬಸ್ಸು ಹೋಗೂದಿಲ್ಲ" ಎಂದ.

ಜನ ಬೈಯುತ್ತಾ ಇಳಿದರು. ಒಬ್ಬಳು ಬಾಣಂತಿ ಮಗುವನ್ನು ನನ್ನ ಕೈಗೆ ಕೊಟ್ಟು, ಇಳಿದು, ಮಗುವನ್ನು ಇಸಿದುಕೊಂಡಳು.  ಮಾಲೀಕರು ಆಫೀಸಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಹತ್ತಿರ ಬರಲಿಲ್ಲ.

ಸೀರೆಯ ಮಣ್ಣು ಕೊಡವಿಕೊಂಡು ಸಾಗರದ ಕಡೆಯ ಬಸ್ಸು ನಿಲ್ಲುವಲ್ಲಿಗೆ ಹೋದೆ. ಬಸ್ಸು ಬಂತು. ಹತ್ತುವ ಮೊದಲು ಬಗ್ಗಿ ಅದರ ಅಡಿಯನ್ನೂ ನೋಡಿದೆ.